ಡಿಸ್ಕ್ ಟ್ರೇಯಲ್ಲಿ ಆಧಾರ್ ಕಾರ್ಡ್: ಮನೆಗೊಂದು ಫೋಟೊ ಪ್ರಿಂಟರ್ ಹುಡುಕುವವರಿಗೆ

ದಾವಣಗೆರೆಯ ಸೈಬರ್ ಅಂಗಡಿಯಲ್ಲೋ ಹರಿಹರದ ಜೆರಾಕ್ಸ್ ಅಂಗಡಿಯಲ್ಲೋ ಎಪ್ಸನ್ ಎಲ್805 ಎಂಬ ಕಪ್ಪು ಪೆಟ್ಟಿಗೆ ಕೂತಿದ್ದರೆ, ಗಿರಾಕಿಗಳ ಬಾಯಲ್ಲಿ ಅದು ಕಾರ್ಡ್ ಮಷಿನ್. ಅಂಗಡಿಯವರು ಮುಂದಿನ ಮುಚ್ಚಳ ಇಳಿಸಿ ಪ್ಲಾಸ್ಟಿಕ್ ಟ್ರೇ ಒಂದನ್ನು ಒಳಕ್ಕೆ ತಳ್ಳುತ್ತಾರೆ. ಟ್ರೇ ಮೇಲೆ ಎರಡು ಬಿಳಿ ಪಿವಿಸಿ ಕಾರ್ಡು. ಹೆಡ್ ಎಡಕ್ಕೂ ಬಲಕ್ಕೂ ಒಂದಷ್ಟು ಸಲ ಓಡಾಡುವ ಹೊತ್ತಿಗೆ ಆಧಾರ್ ಕಾರ್ಡೋ ಶಾಲೆಯ ಐ.ಡಿ. ಕಾರ್ಡೋ ತಯಾರು. ಆ ಬಾಯಿಯನ್ನು ಕಂಪನಿ ಇಟ್ಟದ್ದು ಕಾರ್ಡಿಗೆಂದಲ್ಲ, ಸಿ.ಡಿ., ಡಿವಿಡಿಗಳ ಮೇಲೆ ಚಿತ್ರ ಮುದ್ರಿಸಲೆಂದು. ಡಿಸ್ಕ್ ಕೂರುವ ಜಾಗದಲ್ಲಿ ಕಾರ್ಡ್ ಕೂರಿಸುವ ಟ್ರೇಗಳನ್ನು ಹೊರಗಿನವರು ಮಾಡಿ ಮಾರಿದರು, ದೇಶದ ಸಣ್ಣ ಅಂಗಡಿಗಳೆಲ್ಲ ಕೊಂಡವು. ಮುಂದೆ ಎಲ್8050 ಬಂದಾಗ ಪಿವಿಸಿ ಕಾರ್ಡಿಗೂ ಆಗುತ್ತದೆಂದು ಕಂಪನಿಯೇ ಹೇಳಿಕೊಂಡಿತು.

"ಮನೆಗೊಂದು ಪ್ರಿಂಟರ್ ಬೇಕು, ಫೋಟೊ ಚೆನ್ನಾಗಿ ಬರಬೇಕು, ಡಿಸ್ಕ್ ಮೇಲೂ ಪ್ರಿಂಟ್ ಆಗಬೇಕು" ಎಂದು ವಿಚಾರಿಸುವವರು ಈಗಲೂ ಇದ್ದಾರೆ. ಅವರಿಗೆ ಈ ಕಾರ್ಡಿನ ಕಥೆಯನ್ನು ಮೊದಲು ಹೇಳಬೇಕೆನಿಸುತ್ತದೆ. ಡಿಸ್ಕ್ ಮುದ್ರಿಸುವ ಪ್ರಿಂಟರ್ ನಮ್ಮ ಮಾರುಕಟ್ಟೆಯಲ್ಲಿ ಇವತ್ತಿಗೂ ಉಳಿದಿದ್ದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಕಾರ್ಡು. ನನ್ನ ಅಭಿಪ್ರಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಕ್ ಒಂದಕ್ಕಾಗಿಯೇ ಪ್ರಿಂಟರ್ ಕೊಳ್ಳುವ ಕಾಲ ಹೋಯಿತು. ಫೋಟೊಗಾಗಿ ಕೊಳ್ಳಬಹುದು, ಆದರೆ ವಾರಕ್ಕೊಮ್ಮೆಯಾದರೂ ಅದನ್ನು ಓಡಿಸುವವರು ಮಾತ್ರ. ಉಳಿದವರಿಗೆ ಊರಿನ ಕಲರ್ ಲ್ಯಾಬೇ ಅಗ್ಗ, ಅಲ್ಲಿನ ಪ್ರಿಂಟೇ ಬಾಳಿಕೆ.

ಮೊದಲು ಡಿಸ್ಕಿನ ವಿಚಾರ. ಹತ್ತು ಹದಿನೈದು ವರ್ಷದ ಹಿಂದೆ ಮದುವೆ ಆಲ್ಬಮ್ ಎಂದರೆ ಕರಿಜ್ಮಾ ಪುಸ್ತಕದ ಜೊತೆಗೆ ಡಿವಿಡಿ ಇರಲೇಬೇಕಿತ್ತು. ಡಿವಿಡಿ ಮೇಲೆ ವಧೂವರರ ಫೋಟೊ, ಹೆಸರು, ತಾರೀಕು, ಕಲ್ಯಾಣ ಮಂಟಪದ ವಿಳಾಸ. ಎಪ್ಸನ್ ಆರ್230, ಆಮೇಲೆ ಟಿ60 ಎಂಬ ಆರು ಬಣ್ಣದ ಪ್ರಿಂಟರ್‌ಗಳು ಸ್ಟುಡಿಯೊ ಹೊಕ್ಕದ್ದು ಈ ಕೆಲಸಕ್ಕೂ ಪಾಸ್‌ಪೋರ್ಟ್ ಫೋಟೊಗೂ. ಕಾರ್ಟ್ರಿಜ್ ದುಬಾರಿ, ಅದಕ್ಕೇ ಪಕ್ಕದಲ್ಲಿ ಬಾಟಲಿ ಇಟ್ಟು, ಪೈಪ್ ಎಳೆದು, ಹೊರಗಿನಿಂದ ಇಂಕ್ ಕೊಡುವ ಏರ್ಪಾಡನ್ನು ಮೆಕ್ಯಾನಿಕ್‌ಗಳೇ ಮಾಡಿಕೊಟ್ಟರು. ಇಂಡೊನೇಷ್ಯಾದಲ್ಲೂ ಜನ ಹೀಗೇ ಮಾಡಿಕೊಂಡಿದ್ದರು. ಎಪ್ಸನ್ ಕಂಪನಿ 2010ರಲ್ಲಿ ಕಾರ್ಖಾನೆಯಲ್ಲೇ ಟ್ಯಾಂಕ್ ಕೂರಿಸಿದ ಪ್ರಿಂಟರನ್ನು ಮೊದಲು ಮಾರಾಟಕ್ಕಿಟ್ಟದ್ದು ಆ ದೇಶದಲ್ಲೇ. ನಮ್ಮಲ್ಲಿಗೂ ಅದು ಬೇಗನೆ ಬಂತು. ಟಿ60ರ ಮೈಗೆ ಟ್ಯಾಂಕ್ ಅಂಟಿಸಿದಂತಿದ್ದ ಎಲ್800, ಅದಕ್ಕೆ ವೈಫೈ ಸೇರಿಸಿದ ಎಲ್805, ಈಗಿನ ಎಲ್8050 ಎಲ್ಲವೂ ಒಂದೇ ಬಳ್ಳಿಯವು. ಕಂಪನಿ ಒಪ್ಪದ ಕಿತಾಪತಿಯನ್ನು ಕೊನೆಗೆ ಕಂಪನಿಯೇ ಬ್ರ್ಯಾಂಡ್ ಮಾಡಿಕೊಂಡಿತು ಅನ್ನಿ.

ಇತ್ತ ಖಾಲಿ ಡಿಸ್ಕಿನ ಕಥೆ ಇಳಿಮುಖ. ನೋಯ್ಡಾದ ಮೋಸರ್ ಬೇರ್ ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದು. ಅಂಗಡಿಯಲ್ಲಿ "ಒಂದು ಮೋಸರ್ ಬೇರ್ ಕೊಡಿ" ಎಂದರೆ ಸಾಕಿತ್ತು. ಅದು 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಸಿಡಿ-ಆರ್ ತಂತ್ರವನ್ನು ಮೊದಲು ರೂಪಿಸಿದ ಜಪಾನಿನ ತೈಯೊ ಯೂಡೆನ್ 2015ರ ಕೊನೆಗೇ ಡಿಸ್ಕ್ ತಯಾರಿಕೆಯಿಂದ ಹೊರಬಂದಿತ್ತು. ಬರೆಯಬಹುದಾದ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ವರ್ಬಾಟಿಮ್ ಹೆಸರಿನ ಡಿಸ್ಕ್‌ಗಳು ಸಿಗುತ್ತವೆ, ಆದರೆ ಬಿಳಿ ಮೈಯ ಪ್ರಿಂಟೆಬಲ್ ಡಿಸ್ಕ್ ಬೇಕೆಂದರೆ ದಾವಣಗೆರೆಯ ಅಂಗಡಿಯವರು ಬೆಂಗಳೂರಿಗೆ ಹೇಳಿ ತರಿಸಬೇಕಾದೀತು, ಇಲ್ಲವೇ ನೀವೇ ಆನ್‌ಲೈನ್‌ನಲ್ಲಿ ಐವತ್ತರ ಕಟ್ಟು ತರಿಸಿಕೊಳ್ಳಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ. ಮದುವೆ ವಿಡಿಯೊ ಪೆನ್‌ಡ್ರೈವ್‌ಗೆ ಹೋಯಿತು, ಅಲ್ಲಿಂದ ಯೂಟ್ಯೂಬ್ ಲಿಂಕಿಗೂ ಹೋಯಿತು.

ಹಾಗಾದರೆ ಡಿಸ್ಕ್ ಇನ್ನೂ ಯಾರಿಗೆ ಬೇಕು? ಸ್ಕ್ಯಾನಿಂಗ್ ಸೆಂಟರ್‌ಗಳು ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ಸಿ.ಡಿ.ಯಲ್ಲಿ ಕೊಡುವುದುಂಟು. ಜೆಜೆಎಂ ವೈದ್ಯಕೀಯ ಕಾಲೇಜಿನಂಥ ಹಳೆಯ ಸಂಸ್ಥೆ ಇರುವ, ಸುತ್ತಲ ಜಿಲ್ಲೆಗಳಿಂದ ರೋಗಿಗಳು ಬರುವ ಊರಿನಲ್ಲಿ ಅಂಥ ಸಿ.ಡಿ. ಕವರ್ ಹಿಡಿದು ಓಡಾಡುವವರು ಬೇಕಾದಷ್ಟು ಸಿಗುತ್ತಾರೆ. ಪ್ರಬಂಧದ ಜೊತೆ ಸಿ.ಡಿ. ಇಡುವ ರೂಢಿ ವಿಶ್ವವಿದ್ಯಾಲಯದ ಕೆಲವು ವಿಭಾಗಗಳಲ್ಲಿ ಉಳಿದಿದೆ. ಕೋರ್ಟಿಗೆ ಆಡಿಯೊ, ವಿಡಿಯೊ ಸಾಕ್ಷ್ಯ ಕೊಡುವಾಗ ಇಂದಿಗೂ ಡಿಸ್ಕ್ ನಡೆಯುತ್ತದೆ. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬೇಕಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಬೇಕು. ಆದರೆ ಇದ್ಯಾವುದಕ್ಕೂ ಡಿಸ್ಕ್ ಮೇಲೆ ಬಣ್ಣದ ಚಿತ್ರ ಬೇಕಿಲ್ಲ. ನ್ಯಾಯಾಧೀಶರು ಲೇಬಲ್ಲಿನ ಚಂದ ನೋಡುವುದಿಲ್ಲ, ಡಿಸ್ಕಿಗೆಂದೇ ಮಾರುವ ಮಾರ್ಕರ್ ಪೆನ್ನಿನಲ್ಲಿ ಕೇಸ್ ನಂಬರ್ ಬರೆದರೆ ಮುಗಿಯಿತು. ಬಣ್ಣದ ಡಿಸ್ಕ್ ಬೇಕಾಗುವುದು ಹಂಚಲು. ಭಜನಾ ಮಂಡಳಿಯ ಧ್ವನಿಮುದ್ರಣ, ಶಾಲಾ ವಾರ್ಷಿಕೋತ್ಸವದ ವಿಡಿಯೊ, ಅಜ್ಜಿಗೆ ಟಿ.ವಿ. ಪಕ್ಕದ ಪ್ಲೇಯರ್‌ನಲ್ಲಿ ಹಾಕಿಕೊಂಡು ನೋಡಲು ಮೊಮ್ಮಗನ ನಾಮಕರಣ. ವರ್ಷಕ್ಕೆ ಇಪ್ಪತ್ತೋ ಮೂವತ್ತೋ ಡಿಸ್ಕು. ಅಷ್ಟಕ್ಕೆ ಸ್ಟುಡಿಯೊದವರಿಗೆ ಕೊಟ್ಟು ಮಾಡಿಸುವುದೇ ಸರಿ.

ಆದರೂ ಮನೆಯಲ್ಲೇ ಮಾಡುತ್ತೇನೆ ಎನ್ನುವವರು ಕೆಲವು ಸಂಗತಿ ತಿಳಿದಿರಬೇಕು. ಅಂಟಿಸುವ ಕಾಗದದ ಲೇಬಲ್ ಬೇಡವೇ ಬೇಡ. ಡಿಸ್ಕ್ ಜೋರಾಗಿ ತಿರುಗುವಾಗ ಲೇಬಲ್ ಕೂದಲೆಳೆಯಷ್ಟು ಓರೆಯಾಗಿದ್ದರೂ ತೂಕ ತಪ್ಪಿ ಡ್ರೈವ್ ಗುರ್ ಎನ್ನುತ್ತದೆ, ಬೇಸಿಗೆಯಲ್ಲಿ ಅಂಟು ಬಿಟ್ಟುಕೊಂಡು ಒಳಗೇ ಸಿಕ್ಕಿಕೊಳ್ಳುತ್ತದೆ. ಸಿ.ಡಿ.ಯಲ್ಲಿ ಮಾಹಿತಿ ಇರುವ ಪದರ ಲೇಬಲ್ ಮಗ್ಗುಲಿಗೇ ಅಂಟಿಕೊಂಡಿದೆ, ಮೇಲೆ ತೆಳು ವಾರ್ನಿಷ್ ಬಿಟ್ಟರೆ ರಕ್ಷಣೆಯೇ ಇಲ್ಲ. ಹೊಳೆಯುವ ಕೆಳಮೈಗೆ ಗೀರು ಬಿದ್ದರೂ ತಡೆದುಕೊಳ್ಳುವ ಸಿ.ಡಿ., ಬಾಲ್ ಪೆನ್ನಿನಲ್ಲಿ ಮೇಲೆ ಹೆಸರು ಬರೆದರೆ ಸತ್ತೇಹೋಗಬಹುದು. ಡಿವಿಡಿ ಹಾಗಲ್ಲ, ಅದರಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಇದೆ. ಹೀಗಾಗಿ ಡಿಸ್ಕ್ ಮೇಲೆ ನೇರವಾಗಿ ಇಂಕ್ ಸಿಂಪಡಿಸುವುದೇ ನಿಜಕ್ಕೂ ಸುರಕ್ಷಿತ ವಿಧಾನ.

ಅದಕ್ಕೆ ಡಿಸ್ಕಿನ ಮೈ ಇಂಕ್ ಹೀರುವಂತಿರಬೇಕು. ಪ್ಯಾಕ್ ಮೇಲೆ ಇಂಕ್‌ಜೆಟ್ ಪ್ರಿಂಟೆಬಲ್ ಎಂದಿರುವುದನ್ನೇ ಕೊಳ್ಳಿ. ಸಾದಾ ಬೆಳ್ಳಿ ಡಿಸ್ಕ್ ಮೇಲೆ ಮುದ್ರಿಸಿದರೆ ಇಂಕ್ ಹನಿಹನಿಯಾಗಿ ನಿಂತು, ಬೆರಳು ತಾಗಿದರೆ ಬಳಿದುಹೋಗುತ್ತದೆ. ಡಿಸ್ಕಿನ ಅಡ್ಡಳತೆ 120 ಮಿಲಿಮೀಟರ್, ನಡುವಿನ ತೂತು 15. ಹಳೆಯ ಬಗೆಯ ಡಿಸ್ಕ್‌ಗಳಲ್ಲಿ ಮುದ್ರಣದ ಜಾಗ ಒಳಗಿನ 46 ಮಿಲಿಮೀಟರಿನಿಂದ ಶುರುವಾಗುತ್ತದೆ, ನಡುವೆ ದೊಡ್ಡ ಬೋಳು ಉಂಗುರ ಉಳಿದು ವಧುವಿನ ಮೂಗು ಅಲ್ಲೇ ಮಾಯವಾಗುತ್ತದೆ. ಹಬ್ ಪ್ರಿಂಟೆಬಲ್ ಎಂಬುದರಲ್ಲಿ 22–23 ಮಿಲಿಮೀಟರಿನ ತನಕ ಚಿತ್ರ ಬರುತ್ತದೆ. ಪ್ರಿಂಟರಿನ ಜೊತೆ ಬರುವ ಸಾಫ್ಟ್‌ವೇರ್‌ನಲ್ಲಿ ಈ ಒಳ-ಹೊರ ಅಳತೆಯನ್ನು ನಾವೇ ತುಂಬಬೇಕು. ತುಂಬದಿದ್ದರೆ ಇಂಕ್ ಟ್ರೇಯ ಮೇಲೆ ಬಿದ್ದು ಮುಂದಿನ ಡಿಸ್ಕಿನ ಕೆಳಮೈಗೆ ಮೆತ್ತಿಕೊಳ್ಳುತ್ತದೆ. ಮೊದಲು ಬರೆದು ಹಾಳಾದ ಡಿಸ್ಕ್ ಒಂದರ ಮೇಲೆ ಮುದ್ರಿಸಿ ನೋಡಿ, ಚಿತ್ರ ಪಕ್ಕಕ್ಕೆ ಸರಿದಿದ್ದರೆ ಮಿಲಿಮೀಟರಿನ ಲೆಕ್ಕದಲ್ಲಿ ಸರಿಪಡಿಸುವ ಆಯ್ಕೆ ಇರುತ್ತದೆ. ಮಾಹಿತಿಯನ್ನು ಮೊದಲು ಬರೆದು, ಓದಿ ಪರೀಕ್ಷಿಸಿ, ಆಮೇಲೆ ಮುದ್ರಿಸಬೇಕು, ಏಕೆಂದರೆ ಬರೆಯುವಾಗಲೇ ಕೆಟ್ಟ ಡಿಸ್ಕಿಗೆ ಬಣ್ಣ ಬಳಿದರೆ ಇಂಕ್ ದಂಡ. ಮುದ್ರಿಸಿದ ಡಿಸ್ಕನ್ನು ಬಿಸಿಲಿಗಿಡದೆ ಒಂದು ದಿನ ಒಣಗಲು ಬಿಟ್ಟು ಆಮೇಲೆ ಕವರಿಗೆ ಹಾಕಿ. ನೀರು ತಾಗಿದರೆ ಡೈ ಇಂಕ್ (ದ್ರವದಲ್ಲಿ ಕರಗಿದ ಬಣ್ಣ) ಕದಡುತ್ತದೆ ಎಂಬುದಂತೂ ನೆನಪಿರಲಿ.

ಡಿಸ್ಕ್ ಬೇಕೇ ಬೇಕು ಎಂದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಟ್ಯಾಂಕ್ ಇರುವ ಪೈಕಿ ಎಪ್ಸನ್‌ನ ಎಲ್8050 ಮತ್ತು ಅದೇ ಕಂಪನಿಯ ಎಲ್8160, ಎಲ್8180ರಂಥ ದುಬಾರಿ ಮಾದರಿಗಳು. ಕಾರ್ಟ್ರಿಜ್ ಹಾಕುವ ಕ್ಯಾನನ್ ಪಿಕ್ಸ್ಮಾ ಐಪಿ7270, ಎ3+ ಅಳತೆಯ ಐಪಿ8770 ಇವೂ ಡಿಸ್ಕ್ ಮುದ್ರಿಸುತ್ತಿದ್ದವು, ಹೊಸದಾಗಿ ಸಿಗುವುದು ಕಷ್ಟ. ಮನೆಬಳಕೆಗೆಂದು ಇಲ್ಲಿ ಮಾರುವ ಎಚ್‌ಪಿ, ಬ್ರದರ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಈ ಸೌಲಭ್ಯವಿಲ್ಲ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಡುತ್ತೇನೆ ಎಂದರೆ ನಯವಾಗಿ ಬೇಡ ಎನ್ನಿ. ಅಲ್ಲಿನ ಎಷ್ಟೋ ಯಂತ್ರಗಳಿಗೆ 110–120 ವೋಲ್ಟ್ ಕರೆಂಟೇ ಬೇಕು, ನಮ್ಮದು 230. ಕಾರ್ಟ್ರಿಜ್‌ಗಳಿಗೆ ಪ್ರದೇಶದ ಬೀಗ ಇರುವುದೂ ಉಂಟು, ಇಲ್ಲಿ ಕೊಂಡ ಕಾರ್ಟ್ರಿಜ್ ಅಲ್ಲಿನ ಪ್ರಿಂಟರಿಗೆ ಒಗ್ಗುವುದಿಲ್ಲ. ಇನ್ನೊಂದು ತಮಾಷೆ: ಯೂರೋಪಿನಲ್ಲಿ ಡಿಸ್ಕ್ ಟ್ರೇ ಸಮೇತ ಮಾರುತ್ತಿದ್ದ ಕ್ಯಾನನ್ ಮಾದರಿಗಳನ್ನೇ ಅಮೆರಿಕದಲ್ಲಿ ಬಹಳ ವರ್ಷ ಆ ಸೌಲಭ್ಯ ತೆಗೆದು ಮಾರುತ್ತಿದ್ದರು.

ಈಗ ಫೋಟೊ. ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಎಷ್ಟು ಡಿಪಿಐ?" ಎಂದು. ಕೇಳಬೇಕಾದದ್ದು "ಎಷ್ಟು ಇಂಕ್, ಕಪ್ಪು ಯಾವುದು?" ಎಂದು. ಎಲ್805ರ ಡಬ್ಬಿಯ ಮೇಲೆ 5760×1440 ಎಂದಿದೆ, ಸಣ್ಣ ಹನಿ 1.5 ಪಿಕೊಲೀಟರ್. ಹನಿ ಸಣ್ಣದಿದ್ದರೆ ಮುಖದ ಮೇಲೆ ಚುಕ್ಕಿ ಕಾಣುವುದಿಲ್ಲ, ನಿಜ. ಆದರೆ ನಾಲ್ಕು ಬಣ್ಣದ ಪ್ರಿಂಟರಿಗೂ ಆರು ಬಣ್ಣದ್ದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದು ಕೆನ್ನೆ, ಆಕಾಶ, ರೇಷ್ಮೆ ಸೀರೆಯ ನೆರಳು ಇಂಥ ತಿಳಿ ಬಣ್ಣದ ಜಾಗಗಳಲ್ಲಿ. ನಾಲ್ಕು ಬಣ್ಣದಲ್ಲಿ ತಿಳಿ ಬಣ್ಣ ಮೂಡಿಸಲು ಗಾಢ ಚುಕ್ಕಿಗಳನ್ನು ದೂರದೂರ ಇಡಬೇಕು. ಎಪ್ಸನ್ ಎಲ್805ರ ಆರರಲ್ಲಿ ತಿಳಿ ನೀಲಿ, ತಿಳಿ ಮೆಜೆಂಟಾ ಬೇರೆಯೇ ಬಾಟಲಿ, ಅದಕ್ಕೇ ಮೈಬಣ್ಣ ನಯವಾಗಿ ಬರುತ್ತದೆ. ಕ್ಯಾನನ್ ಜಿ570, ಜಿ670ರಲ್ಲಿ ಆರು ಬಣ್ಣದ ಲೆಕ್ಕಾಚಾರವೇ ಬೇರೆ. ಅಲ್ಲಿ ಹೆಚ್ಚುವರಿ ಎರಡು ಎಂದರೆ ಕೆಂಪು ಮತ್ತು ಬೂದು. ಬೂದು ಇರುವುದರಿಂದ ಕಪ್ಪು-ಬಿಳುಪು ಫೋಟೊ ಹಸಿರಿಗೋ ಗುಲಾಬಿಗೋ ತಿರುಗುವುದು ಕಡಿಮೆ. ಅಜ್ಜ-ಅಜ್ಜಿಯರ ಹಳೇ ಫೋಟೊ ಸ್ಕ್ಯಾನ್ ಮಾಡಿ ತೆಗೆಯುವ ಆಸೆಯಿದ್ದರೆ ನನ್ನ ಮತ ಕ್ಯಾನನ್‌ಗೆ. ಆದರೆ ಅದು ಡಿಸ್ಕ್ ಮುದ್ರಿಸುವುದಿಲ್ಲ.

ಕಪ್ಪಿನ ವಿಚಾರವನ್ನು ಅಂಗಡಿಯವರು ಹೇಳುವುದೇ ಇಲ್ಲ. ಕ್ಯಾನನ್ ಜಿ2010, ಜಿ3010ರಂಥ ಜನಪ್ರಿಯ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಕಪ್ಪು ಪಿಗ್‌ಮೆಂಟ್ (ಕರಗದ ಕಣಗಳ) ಇಂಕ್, ಉಳಿದ ಮೂರು ಡೈ. ಪಿಗ್‌ಮೆಂಟ್ ಕಪ್ಪು ಸಾದಾ ಹಾಳೆಯ ಮೇಲೆ ಅಕ್ಷರಕ್ಕೆ ಬಲು ಚೆನ್ನ, ಗ್ಲಾಸಿ ಕಾಗದದೊಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಫೋಟೊ ಮುದ್ರಿಸುವಾಗ ಪ್ರಿಂಟರ್ ಅದನ್ನು ಬದಿಗಿಟ್ಟು, ಮೂರು ಬಣ್ಣ ಕಲಸಿ ಕಪ್ಪು ಮಾಡುತ್ತದೆ. ತಲೆಗೂದಲು ಕಂದು ಮಿಶ್ರಿತವಾಗಿ ಕಂಡರೆ ಕಾರಣ ಅದೇ. ಮಕ್ಕಳ ಪ್ರಾಜೆಕ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಆಗೊಮ್ಮೆ ಈಗೊಮ್ಮೆ ಫೋಟೊ ಎಂಬ ಮನೆಗೆ ಅದೇ ಸರಿಯಾದ ಪ್ರಿಂಟರ್. ಫೋಟೊ ಮುಖ್ಯ ಎನ್ನುವವರಿಗೆ ಅಲ್ಲ.

ಎಂಥ ಪ್ರಿಂಟರ್ ತಂದರೂ ಫೋಟೊ ಕೆಡುವುದು ಅದಕ್ಕೂ ಮೊದಲೇ, ವಾಟ್ಸಾಪ್‌ನಲ್ಲಿ. ಮಾಮೂಲಿಯಾಗಿ ಕಳಿಸಿದ ಚಿತ್ರದ ಉದ್ದನೆಯ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. ಇಂಚಿಗೆ 300ರಂತೆ ಅದು ಐದೂಕಾಲು ಇಂಚಿಗೆ ಸಾಕು, ಅಂದರೆ 4×6ಕ್ಕೆ ಹೇಗೋ ಆದೀತು. ಎ4ಗೆ ಹಿಗ್ಗಿಸಿದರೆ ಇಂಚಿಗೆ 137 ಮಾತ್ರ ಉಳಿದು ಕಣ್ಣರೆಪ್ಪೆಯೆಲ್ಲ ಮಸಿಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಹೇಳುವ ರೂಢಿ ಮಾಡಿಕೊಳ್ಳಿ. ಇನ್ನೊಂದು ಅಡಚಣೆ, ಫೋನಿನ ಚಿತ್ರ 4:3, ಕಾಗದ 3:2. ಅಂಚಿಲ್ಲದೆ ಮುದ್ರಿಸಿದರೆ ಕಿರಿಯ ಬದಿಯಲ್ಲಿ ಒಂಬತ್ತನೇ ಒಂದು ಪಾಲು ಕತ್ತರಿಸಿಹೋಗುತ್ತದೆ. ಮದುವೆ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಸೋದರಮಾವಂದಿರ ಪೇಟ ಹಾರುವುದು ಹೀಗೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಒಂದು ಅಂದಾಜು ಇಟ್ಟುಕೊಳ್ಳಿ: ಪ್ರಿಂಟರಿಗೆ 22,000 ರೂಪಾಯಿ, ಲ್ಯಾಬಿನಲ್ಲಿ 4×6 ಪ್ರಿಂಟಿಗೆ 12 ರೂಪಾಯಿ, ಮನೆಯಲ್ಲಿ ಒಳ್ಳೆಯ ಕಾಗದ ಮತ್ತು ಇಂಕ್ ಸೇರಿ 6 ರೂಪಾಯಿ. ನಿಮ್ಮ ಅಂಗಡಿಯ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಂಡು ನೋಡಿ. ಪ್ರಿಂಟೊಂದಕ್ಕೆ 6 ರೂಪಾಯಿ ಉಳಿತಾಯವಾದರೆ ಪ್ರಿಂಟರಿನ ದುಡ್ಡು ಹುಟ್ಟಲು ಸುಮಾರು 3,670 ಫೋಟೊ ತೆಗೆಯಬೇಕು. ವಾರಕ್ಕೆ ಇಪ್ಪತ್ತು ತೆಗೆದರೆ ಮೂರೂವರೆ ವರ್ಷ. ತಿಂಗಳಿಗೆ ಹತ್ತು ತೆಗೆದರೆ ಮೂವತ್ತು ವರ್ಷ, ಪ್ರಿಂಟರ್ ಅಷ್ಟು ಬಾಳುವುದಿಲ್ಲ. ಎಲ್805ರ ಆರು ಬಾಟಲಿಗೆ 1,800 ಫೋಟೊ ಎಂದು ಎಪ್ಸನ್, ಜಿ670ಗೆ ಒಂದು ಸೆಟ್ ಇಂಕಿನಲ್ಲಿ 3,800 ಎಂದು ಕ್ಯಾನನ್ ಹೇಳುತ್ತವೆ. ಮನೆಬಳಕೆಯಲ್ಲಿ ಹೆಡ್ ತೊಳೆಯಲೇ ಬಹಳಷ್ಟು ಇಂಕ್ ಹೋಗುತ್ತದೆ, ಆ ಅಂಕಿಗಳನ್ನು ಹಾಗೇ ನಂಬಿ ಲೆಕ್ಕ ಹಾಕಬೇಡಿ.

ಲೆಕ್ಕ ತಿರುಗುವುದು ಪಾಸ್‌ಪೋರ್ಟ್ ಫೋಟೊದಲ್ಲಿ. 35×45 ಮಿಲಿಮೀಟರಿನ ಎಂಟು ಫೋಟೊ ಒಂದು 4×6 ಹಾಳೆಯಲ್ಲಿ ಕೂರುತ್ತವೆ. ಹಾಳೆಯ ಖರ್ಚು ಅದೇ ಆರೇಳು ರೂಪಾಯಿ, ಹೊರಗೆ ಅದಕ್ಕೆ ಕೊಡುವುದು ಹಲವು ಪಟ್ಟು. ಶಾಲೆ, ಹಾಸ್ಟೆಲ್, ಪರೀಕ್ಷೆ, ಸ್ಕಾಲರ್‌ಶಿಪ್ ಎಂದು ಅರ್ಜಿ ತುಂಬುವ ಮಕ್ಕಳಿರುವ ಮನೆಯಲ್ಲಿ ಇದೊಂದೇ ಸಾಕು, ಪ್ರಿಂಟರ್ ದುಡಿಯುತ್ತದೆ. ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳ ಸುತ್ತ ರೂಮು ಮಾಡಿಕೊಂಡ ಹುಡುಗರು ನಾಲ್ವರು ಸೇರಿ ಒಂದು ಕೊಂಡರೂ ನಷ್ಟವಿಲ್ಲ. ಪಿವಿಸಿ ಆಧಾರ್ ಕಾರ್ಡ್ ಮಾತ್ರ ಮನೆಯಲ್ಲಿ ಮಾಡುವ ಗೋಜು ಬೇಡ. ಆಧಾರ್ ಕೊಡುವ ಪ್ರಾಧಿಕಾರವೇ 2020ರಲ್ಲಿ 50 ರೂಪಾಯಿಗೆ ಅಂಚೆಯಲ್ಲಿ ಕಳಿಸುವ ವ್ಯವಸ್ಥೆ ಮಾಡಿತು, ಹೊರಗೆ ಮುದ್ರಿಸಿದ ಪಿವಿಸಿ ಪ್ರತಿಗಳಲ್ಲಿ ಭದ್ರತಾ ಗುರುತುಗಳಿಲ್ಲ, ಬಳಸಬೇಡಿ ಎಂದು 2022ರ ಜನವರಿಯಲ್ಲಿ ಹೇಳಿತು. ಅಂಗಡಿಗಳ ಟ್ರೇ ಅದರಿಂದ ನಿಂತಿಲ್ಲ, ಅದು ಬೇರೆ ಮಾತು.

ಊರಿನ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ 1964ರಿಂದ ಇದೆ. ಅಲ್ಲಿನ ವಿದ್ಯಾರ್ಥಿಗಳಂತೆ ದೊಡ್ಡ ಅಳತೆಯ ಪ್ರಿಂಟ್ ಬೇಕೆನ್ನುವವರಿಗೆ ಎ3+ ಮುದ್ರಿಸುವ ಎಲ್18050 ಇದೆ, ಎಂಟು ಡೈ ಇಂಕಿನ ಕ್ಯಾನನ್ ಪ್ರೊ-200, ಹತ್ತು ಪಿಗ್‌ಮೆಂಟ್ ಇಂಕಿನ ಪ್ರೊ-300 ಇವೆ. ಅವು ಮನೆಯ ಪ್ರಿಂಟರ್ ಎಂಬ ಮಾತಿನ ಆಚೆಗೆ ಹೋಗುತ್ತವೆ, ಇಲ್ಲಿಗೆ ಬಿಡುತ್ತೇನೆ.

ಕಾಗದಕ್ಕೆ ಬಂದರೆ, ನಮ್ಮ ಸುತ್ತಮುತ್ತ ಮರದ ತಿರುಳಿಗೆ ಕೊರತೆಯಿಲ್ಲ. ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣದಲ್ಲಿ ಗ್ರಾಸಿಂನ ಹರಿಹರ ಪಾಲಿಫೈಬರ್ಸ್. ಆದರೆ ಅಲ್ಲಿನ ತಿರುಳು ಹೋಗುವುದು ವಿಸ್ಕೋಸ್ ನೂಲಿಗೆ, ಅಂಗಿಯಾಗಿ ಮೈಮೇಲೆ ಬರುತ್ತದೆ ಹೊರತು ಕಾಗದವಾಗಿ ಮೇಜಿಗಲ್ಲ. ಕಾಗದ ಮಾಡುತ್ತಿದ್ದ ಭದ್ರಾವತಿಯ ಎಂಪಿಎಂ ನಿಂತುಹೋಗಿದೆ. ಅಂಗಡಿಯಲ್ಲಿ ಸಿಗುವ ಫೋಟೊ ಕಾಗದ ಎರಡು ಬಗೆ. 130, 180 ಜಿಎಸ್‌ಎಂ ಎಂದು ಅಗ್ಗಕ್ಕೆ ಸಿಗುವ ಹೈ ಗ್ಲಾಸಿ ಹಾಳೆ ಮೇಲ್ಮೈಗೆ ಹೊಳಪು ಬಳಿದ ಸಾದಾ ಕಾಗದ, ಹಿಂಬದಿ ಮುಟ್ಟಿದರೆ ನೋಟ್‌ಬುಕ್ಕಿನಂತೆ ಒರಟು. 260–270 ಜಿಎಸ್‌ಎಂನ ಆರ್‌ಸಿ ಕಾಗದಕ್ಕೆ ಎರಡೂ ಬದಿ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಹಿಂಬದಿ ಲ್ಯಾಬ್ ಪ್ರಿಂಟಿನಂತೆ ನುಣುಪು. ಮೊದಲನೆಯದು ಚಾರ್ಟಿಗೆ, ಅರ್ಜಿಯ ಫೋಟೊಗೆ. ಆಲ್ಬಮ್ಮಿಗೆ ಎರಡನೆಯದೇ. ಪ್ರಿಂಟ್ ಡೈಲಾಗಿನಲ್ಲಿ ಕಾಗದದ ಬಗೆಯನ್ನು ಬದಲಿಸದೆ ಪ್ಲೇನ್ ಪೇಪರ್ ಎಂದೇ ಬಿಟ್ಟು, ಬಣ್ಣ ಸಪ್ಪೆ ಎಂದು ಪ್ರಿಂಟರನ್ನು ಬೈಯುವವರು ಬಹಳ.

ಬಾಳಿಕೆಯ ವಿಚಾರದಲ್ಲಿ ಹಳೆಯದೊಂದು ಪಾಠ ಇದೆ. 2000ದಲ್ಲಿ ಎಪ್ಸನ್ ತನ್ನ ಸ್ಟೈಲಸ್ ಫೋಟೊ 870, 1270 ಪ್ರಿಂಟರ್‌ಗಳ ಫೋಟೊ ವರ್ಷಗಟ್ಟಲೆ ಮಾಸುವುದಿಲ್ಲವೆಂದು ಮಾರಿತು. ಕೊಂಡ ಕೆಲವರ ಗೋಡೆಯ ಮೇಲೆ ಫೋಟೊ ವಾರಗಳಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೆಳಕಿಗೆ ತಡೆದುಕೊಂಡ ಇಂಕ್, ಗಾಳಿಯಲ್ಲಿನ ಓಝೋನ್‌ಗೆ ತಡೆದುಕೊಳ್ಳಲಿಲ್ಲ. ಕಾಗದದ ಸೂಕ್ಷ್ಮ ರಂಧ್ರಗಳೊಳಗೆ ಗಾಳಿ ಆಡಿ ನೀಲಿ ಬಣ್ಣವನ್ನು ತಿಂದಿತ್ತು. ಇಂಕ್ ಈಗ ಸುಧಾರಿಸಿದೆ, ರಸಾಯನ ಬದಲಾಗಿಲ್ಲ. ಬೇಗ ಒಣಗುವ ರಂಧ್ರದ ಕಾಗದ, ಅದರ ಮೇಲೆ ಡೈ ಇಂಕ್, ಅದರಲ್ಲೂ ಲೋಕಲ್ ಬಾಟಲಿಯದು, ಬಯಲಾಗಿ ಗೋಡೆಗೆ ಅಂಟಿಸಿದರೆ ಮಾಸಿಯೇ ಮಾಸುತ್ತದೆ. ಗಾಜು ಹಾಕಿಸಿ, ಪಡುವಣ ಬಿಸಿಲು ಬೀಳದ ಗೋಡೆಗೆ ಹಾಕಿ, ಇಲ್ಲವೇ ಆಲ್ಬಮ್ಮಿನ ಪಾಕೆಟ್ಟಿನಲ್ಲಿಡಿ. ಲ್ಯಾಬಿನ ಫೋಟೊ ಹಾಗಲ್ಲ, ಅದು ಬೆಳ್ಳಿಯ ರಸಾಯನದ ಕಾಗದವನ್ನು ಬೆಳಕಿಗೊಡ್ಡಿ ತೊಳೆದದ್ದು, ಬಣ್ಣ ಜೆಲಟಿನ್ ಪದರದೊಳಗೆ ಭದ್ರ. ಮಗಳ ಮದುವೆಯ ಮುಖ್ಯ ಫೋಟೊಗಳನ್ನು ಮನೆಯಲ್ಲಿ ಎಷ್ಟೇ ಚೆನ್ನಾಗಿ ತೆಗೆದಿರಿ, ಒಂದು ಪ್ರತಿ ಲ್ಯಾಬಿನಲ್ಲೂ ಹಾಕಿಸಿಡಿ.

ಇನ್ನು ಇಂಕ್‌ಜೆಟ್ಟಿನ ನಿಜವಾದ ಕಾಯಿಲೆ, ಹೆಡ್ ಬ್ಲಾಕ್. ಕ್ಯಾನನ್, ಎಚ್‌ಪಿ ಹೆಡ್‌ಗಳು ಇಂಕನ್ನು ಕ್ಷಣಮಾತ್ರ ಕುದಿಸಿ ಗುಳ್ಳೆಯ ಬಲದಿಂದ ಚಿಮ್ಮಿಸುತ್ತವೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಬೆಸುಗೆ ಹಾಕುವ ಕಾದ ಕಬ್ಬಿಣ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿ, ತುದಿಯಿಂದ ಇಂಕ್ ಚಿಮ್ಮಿದ್ದೇ ಇದರ ಹುಟ್ಟು ಎಂದು ಕಂಪನಿ ಹೇಳಿಕೊಳ್ಳುತ್ತದೆ. ಎಪ್ಸನ್ ಹೆಡ್‌ನಲ್ಲಿ ಕುದಿಸುವುದಿಲ್ಲ. ಕರೆಂಟು ಕೊಟ್ಟರೆ ಸೆಟೆಯುವ ಪಿಯೆಜೊ ಹರಳು ಇಂಕನ್ನು ಒತ್ತಿ ನೂಕುತ್ತದೆ. ಮನೆಯವರಿಗೆ ಇದರಿಂದ ಆಗುವ ವ್ಯತ್ಯಾಸ ಒಂದೇ. ಕ್ಯಾನನ್ ಜಿ2010, ಜಿ3010ರಂಥವುಗಳ ಹೆಡ್ ಕೆಟ್ಟರೆ ಕೈಯಲ್ಲೇ ತೆಗೆದು ಹೊಸದು ಹಾಕಬಹುದು. ಎಪ್ಸನ್ ಹೆಡ್ ಯಂತ್ರದಷ್ಟೇ ದಿನ ಬಾಳಲೆಂದು ಮಾಡಿದ್ದು, ಅದು ಕೆಟ್ಟರೆ ಬಿಲ್ ನೋಡಿ ಹೊಸ ಪ್ರಿಂಟರೇ ವಾಸಿ ಎನಿಸುತ್ತದೆ.

ನಮ್ಮ ಊರಿನ ಬೇಸಿಗೆ ಇದಕ್ಕೆ ಶತ್ರು. ಮಾರ್ಚಿನಿಂದ ಮೇ ತನಕ ಒಣ ಸೆಕೆ, ಧೂಳು, ಜೊತೆಗೆ ಬೆಸ್ಕಾಂ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಪ್ರಿಂಟರಿನ ಗುಂಡಿ ಒತ್ತಿ ಆಫ್ ಮಾಡಿದರೆ ಹೆಡ್ ಬಲಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಇಂಕ್ ಚಿಮ್ಮುವ ನಾಜಲ್‌ಗಳಿಗೆ ಗಾಳಿ ಸೋಕುವುದಿಲ್ಲ. ಮುದ್ರಿಸುತ್ತಿರುವಾಗ ಕರೆಂಟು ಹೋದರೆ, ಅಥವಾ ಗೋಡೆಯ ಸ್ವಿಚ್ಚನ್ನೇ ಒತ್ತಿ ಆರಿಸಿದರೆ, ಹೆಡ್ ನಡುದಾರಿಯಲ್ಲಿ ಬಾಯಿ ತೆರೆದೇ ನಿಲ್ಲುತ್ತದೆ. ಇಡೀ ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ನಾಜಲ್ ಚೆಕ್ ಹಾಳೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೆರೆಗಳ ನಡುವೆ ಹಲ್ಲು ಬಿದ್ದಂತೆ ಖಾಲಿ. ಕರೆಂಟು ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಹೆಡ್ ಮೂಲೆಗೆ ಹೋಗಲು ಬಿಟ್ಟು, ಗುಂಡಿಯಿಂದ ಆಫ್ ಮಾಡಿ. ಸಣ್ಣ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಮೆಕ್ಯಾನಿಕ್ ಒಬ್ಬರು ಗಿರಾಕಿಗೆ ಹೇಳಿದ್ದನ್ನು ಹಾಗೇ ಕೊಡುತ್ತೇನೆ: "ಸರ್, ವಾರಕ್ಕೊಂದ್ ಕಲರ್ ಫೋಟೊ ತೆಗೀರಿ ಸಾಕು. ನೀವು ಮೂರ್ ತಿಂಗ್ಳು ಮುಟ್ಟಂಗಿಲ್ಲ, ಆಮೇಲೆ ಹತ್ ಸಲ ಕ್ಲೀನಿಂಗ್ ಕೊಡ್ತೀರಿ, ಇಂಕೆಲ್ಲಾ ಪ್ಯಾಡಿಗೆ ಹೋಗ್ತದ ರೀ." ಅವರು ಹೇಳಿದ ಪ್ಯಾಡ್ ಎಂದರೆ ಹೆಡ್ ತೊಳೆದ ಇಂಕ್ ಹೀರಿಕೊಳ್ಳುವ, ಪ್ರಿಂಟರಿನ ತಳದಲ್ಲಿರುವ ದಪ್ಪ ಹಾಸು. ಅದು ಎಷ್ಟು ತುಂಬಿದೆ ಎಂದು ಯಂತ್ರ ಲೆಕ್ಕ ಇಡುತ್ತದೆ, ಮಿತಿ ಮುಟ್ಟಿದ ದಿನ ಎರಡು ದೀಪ ಮಿಣುಕಿಸಿ ಕೆಲಸ ನಿಲ್ಲಿಸುತ್ತದೆ. ಆಗ ಪ್ಯಾಡ್ ಬದಲಿಸಿ ರೀಸೆಟ್ ಮಾಡಿಸಬೇಕು. ಬರೀ ರೀಸೆಟ್ ಮಾಡಿ ಪ್ಯಾಡ್ ಹಾಗೇ ಬಿಟ್ಟರೆ ಮುಂದೊಂದು ದಿನ ಮೇಜಿನ ಮೇಲೆ ಇಂಕ್ ಹರಿಯುತ್ತದೆ. ಕ್ಯಾನನ್ ಜಿ570, ಜಿ670ರಲ್ಲಿ ಇದನ್ನು ಎಂಸಿ-ಜಿ02 ಎಂಬ ಡಬ್ಬಿ ಮಾಡಿಬಿಟ್ಟಿದ್ದಾರೆ, ನಾವೇ ಎಳೆದು ಹೊಸದು ಹಾಕಬಹುದು. ಸರ್ವಿಸ್‌ಗೆಂದು ಊರೂರು ಅಲೆಯಬೇಕಾದವರಿಗೆ ಅದು ದೊಡ್ಡ ಉಪಕಾರ. ಕ್ಲೀನಿಂಗ್ ಎರಡು ಮೂರು ಸಲ ಕೊಟ್ಟರೂ ಗೆರೆ ತುಂಬದಿದ್ದರೆ ನಿಲ್ಲಿಸಿ, ಒಂದು ರಾತ್ರಿ ಸುಮ್ಮನೆ ಬಿಟ್ಟು ಮತ್ತೆ ನೋಡಿ. ಎಷ್ಟೋ ಸಲ ಪೈಪಿನಲ್ಲಿ ಸೇರಿದ ಗಾಳಿ ಅಷ್ಟರಲ್ಲಿ ತಾನೇ ಮೇಲೇರಿರುತ್ತದೆ.

ಹೊಸದಕ್ಕೆ ಅಷ್ಟು ದುಡ್ಡು ಯಾಕೆ, ಡಿಸ್ಕ್ ಸಹಿತ ಬೇಕು ಎನ್ನುವವರಿಗೆ ಸ್ಟುಡಿಯೊಗಳಿಂದ ಹೊರಬರುವ ಸೆಕೆಂಡ್ ಹ್ಯಾಂಡ್ ಎಲ್800, ಎಲ್805 ಒಳ್ಳೆಯ ದಾರಿ, ನೋಡಿ ಕೊಂಡರೆ. ಮಾರುವವರ ಎದುರೇ ನಾಜಲ್ ಚೆಕ್ ತೆಗೆಸಿ. ಡಿಸ್ಕ್ ಟ್ರೇ ಎಲ್ಲಿ ಎಂದು ಕೇಳಿ, ಕಾರ್ಡ್ ಟ್ರೇ ಬಂದ ಮೇಲೆ ಮೂಲ ಟ್ರೇಯನ್ನು ಎಲ್ಲೋ ಎಸೆದಿರುವುದೇ ಹೆಚ್ಚು. ಹಳೆಯ ಬಾಟಲಿಗಳ ಬಾಯಿ ಎಲ್ಲವೂ ಒಂದೇ ಆಕಾರ, ಯಾರಾದರೂ ನೀಲಿಯ ಟ್ಯಾಂಕಿಗೆ ತಿಳಿ ನೀಲಿ ಸುರಿದಿದ್ದರೆ ಗೊತ್ತಾಗುವುದು ಫೋಟೊ ತೆಗೆದ ಮೇಲೆಯೇ. ಎಲ್8050ರಂಥ ಹೊಸ ಮಾದರಿಯ ಬಾಟಲಿಗಳಿಗೆ ಬಣ್ಣಕ್ಕೊಂದು ಆಕಾರದ ಬಾಯಿ ಕೊಟ್ಟಿದ್ದಾರೆ, ತಪ್ಪಾಗಿ ಹಾಕಲು ಬರುವುದಿಲ್ಲ. ದಾವಣಗೆರೆಯಲ್ಲಿ ಕೊಂಡು ಹರಿಹರಕ್ಕೆ ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವ ಮುಂಚೆ, ಇಂಕ್ ತುಂಬಿದ ಎಲ್800 ಸರಣಿಯಾದರೆ ಟ್ಯಾಂಕಿನ ಬಳಿಯ ಸಾಗಣೆ ವಾಲ್ವನ್ನು ಲಾಕ್ ಕಡೆ ತಿರುಗಿಸಿ. ಹದಿನಾಲ್ಕು ಹದಿನೈದು ಕಿಲೋಮೀಟರು ಓರೆಯಾಗಿ ಅಲ್ಲಾಡಿದರೆ ಪ್ಯಾಂಟು ಆರು ಬಣ್ಣವಾಗುತ್ತದೆ. ಮನೆಗೆ ಬಂದ ಮೇಲೆ ವಾಲ್ವ್ ತೆರೆಯಲು ಮರೆತು ಮುದ್ರಿಸಿದರೆ ಇಂಕ್ ಹೆಡ್‌ಗೆ ಬರುವುದೇ ಇಲ್ಲ.

ಹೊಸದನ್ನೇ ಕೊಳ್ಳುವುದಾದರೆ ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಎರಡು ಫೋಟೊ ಒಯ್ಯಿರಿ, ಒಂದು ಮಗುವಿನ ಮುಖ, ಒಂದು ಕಪ್ಪು-ಬಿಳುಪು. ಅಂಗಡಿಯ ಡೆಮೊ ಚಿತ್ರದಲ್ಲಿ ಹೂವು, ಗಿಳಿ ಇರುತ್ತವೆ, ಗಿಳಿಯ ಹಸಿರು ಹೆಚ್ಚು ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ಲಿನಲ್ಲಿ ವಾರಂಟಿ ಎಷ್ಟು ವರ್ಷ ಎಂಬುದರ ಜೊತೆ ಎಷ್ಟು ಪುಟ ಎಂದೂ ನೋಡಿ. ಟ್ಯಾಂಕ್ ಪ್ರಿಂಟರ್‌ಗಳ ವಾರಂಟಿ ವರ್ಷ ಅಥವಾ ಪುಟ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ನಿಲ್ಲುವಂಥದ್ದು. ಬೇರೆ ಇಂಕ್ ಹಾಕಿ ಹೆಡ್ ಕೆಟ್ಟರೆ ಅದೂ ನಿಲ್ಲುತ್ತದೆ. ರಿಪೇರಿಗೆ ಮನೆಗೆ ಬರುತ್ತಾರೋ, ನಾವೇ ಹೊತ್ತುಕೊಂಡು ಹೋಗಬೇಕೋ, ಹೋಗಬೇಕೆಂದರೆ ದಾವಣಗೆರೆಯಲ್ಲೇ ಆಗುತ್ತದೋ ಬೆಂಗಳೂರಿಗೆ ಕಳಿಸುತ್ತಾರೋ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ, ಅಂಗಡಿಯವರ ಕೈಯಲ್ಲಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.